ಅಕ್ಷರ ಮೊದಲು, ಕಾಲುದಾರಿ ಆಮೇಲೆ

ಕೆರೆಯ ಮೊದಲ ಸ್ವರ ದೀರ್ಘವಾದರೆ ಕೇರೆಹಾವು, ಬಳೆಯದು ದೀರ್ಘವಾದರೆ ಬಾಳೆ. ನ್ಯೂಜಿಲೆಂಡಿನ ಮಾವೊರಿ ಭಾಷೆಯೂ ಹೀಗೆಯೇ. ಅಲ್ಲಿ ‘ಕೆಕೆ’ ಎಂದರೆ ತಿನ್ನುವ ಕೇಕು, ‘ಕೇಕೇ’ ಎಂದರೆ ಕಂಕುಳು. ನಮ್ಮ ಲಿಪಿ ದೀರ್ಘವನ್ನು ತಾನೇ ಹೊತ್ತುಕೊಂಡಿದೆ. ಮಾವೊರಿಯನ್ನು ಬರೆಯುವುದು ರೋಮನ್ ಲಿಪಿಯಲ್ಲಿ. ಅಲ್ಲಿ ಸ್ವರದ ನೆತ್ತಿಯ ಮೇಲೊಂದು ಅಡ್ಡಗೆರೆ ಎಳೆಯಬೇಕು.

ಆ ಗೆರೆಗಾಗಿಯೇ ಕೀಬೋರ್ಡಿನಲ್ಲಿ ಜಗಳ. ವಿಂಡೋಸ್‌ನ ಮಾವೊರಿ ಕೀಲಿಮಣೆಯಲ್ಲಿ 1ರ ಎಡಗಡೆಯ ಕೀಲಿಯನ್ನೊತ್ತಿ ಸ್ವರವನ್ನೊತ್ತಿದರೆ ಗೆರೆ ಬರುತ್ತದೆ. ನೆಟ್‌ವರ್ಕ್ ನೋಡಿಕೊಳ್ಳುವವರು ಹಳೆಯ ಕಮಾಂಡ್ ಪ್ರಾಂಪ್ಟ್ ಬಿಟ್ಟು ಪವರ್‌ಶೆಲ್‌ಗೆ ಬಂದರೆ, ಆಜ್ಞೆಯ ಸಾಲನ್ನು ಮುರಿದು ಮುಂದುವರಿಸಲು ಅದೇ ಕೀಲಿಯ ಚಿಹ್ನೆ ಬೇಕು. ಇಲ್ಲೊಂದು ರಾಜಿ ಇದೆ: ಕೀಲಿಯ ನಂತರ ಸ್ಪೇಸ್ ಒತ್ತಿದರೆ ಚಿಹ್ನೆ ಬರುತ್ತದೆ. ಒಂದು ಹೊಡೆತ ಹೆಚ್ಚಾಯಿತು, ಎರಡೂ ಉಳಿದವು. ಮ್ಯಾಕ್‌ನಲ್ಲಿ ಆಪ್ಶನ್ ಕೀಲಿ ಹಿಡಿದು ಸ್ವರ ಒತ್ತಬೇಕು. ಟರ್ಮಿನಲ್‌ನಲ್ಲಿ ಆಪ್ಶನ್ ಅನ್ನು ‘ಮೆಟಾ’ ಮಾಡಿಕೊಂಡರೆ ದೂರದ ಸರ್ವರ್‌ನ ಸಾಲಿನಲ್ಲಿ ಪದದಿಂದ ಪದಕ್ಕೆ ಜಿಗಿಯಬಹುದು. ಆದರೆ ಅಲ್ಲಿ ದೀರ್ಘ ಸ್ವರ ಮೂಡುವುದಿಲ್ಲ. ಒಂದು ಅಪ್‌ಗ್ರೇಡ್ ಆ ಆಯ್ಕೆಯನ್ನು ಸದ್ದಿಲ್ಲದೆ ಬದಲಿಸಿದರೆ, ನಿನ್ನೆ ಬರೆಯುತ್ತಿದ್ದ ಬೆರಳು ಇಂದು ಆಜ್ಞೆ ಕೊಡುತ್ತದೆ.

ಹೀಗೆ ಅಕ್ಷರವೂ ಶಾರ್ಟ್‌ಕಟ್ಟೂ ಎದುರುಬದುರಾದಾಗ ಕೀಲಿ ಯಾವುದಕ್ಕೆ ಸೇರಬೇಕು? ಅಕ್ಷರಕ್ಕೆ ಎನ್ನುತ್ತೇನೆ. ಶಾರ್ಟ್‌ಕಟ್ ಒಂದು ಕಾಲುದಾರಿ. ಅದು ಮುಚ್ಚಿದರೂ ಮೆನುವಿನ ಹೆದ್ದಾರಿಯಲ್ಲಿ, ಬಾಣದ ಕೀಲಿಯಲ್ಲಿ, ಸ್ವಲ್ಪ ತಡವಾಗಿ ಊರು ಸೇರಬಹುದು. ಅಕ್ಷರವೇ ಕಳೆದರೆ ಸೇರಬೇಕಾದ ಊರೇ ಬೇರೆಯಾಗುತ್ತದೆ, ಕಂಕುಳು ಕೇಕಾದಂತೆ. ಇನ್ನೊಂದು ಕಾರಣವೂ ಇದೆ. ಶಾರ್ಟ್‌ಕಟ್ ಕಳೆದುಕೊಂಡ ಕಷ್ಟ ಟೈಪ್ ಮಾಡುವವರಿಗೆ ಮಾತ್ರ. ಅಕ್ಷರ ಕಳೆದ ನಷ್ಟ ಓದುವವರಿಗೂ, ದಾಖಲೆಯಲ್ಲಿ ತಪ್ಪಾಗಿ ಕೂತ ಹೆಸರಿನವರಿಗೂ ತಟ್ಟುತ್ತದೆ. ಅವರನ್ನು ಯಾರೂ ಕೇಳಿರುವುದಿಲ್ಲ.

ಅಡ್ಡಗೆರೆ ಬಳಸುವವರು ಕೆಲವರು, ಶಾರ್ಟ್‌ಕಟ್ ಬಳಸುವವರು ಬಹಳ ಎಂಬ ವಾದವುಂಟು. ತಲೆ ಎಣಿಸಿದರೆ ಅದು ಸರಿಯೇ. ಆದರೆ ಮಾವೊರಿ 1987ರಲ್ಲಿ ನ್ಯೂಜಿಲೆಂಡಿನ ಅಧಿಕೃತ ಭಾಷೆಯಾಯಿತು. ಅಧಿಕೃತ ಭಾಷೆಯನ್ನು ಸರಿಯಾಗಿ ಬರೆಯುವ ಹಕ್ಕನ್ನು ಬೆರಳಿನ ಅನುಕೂಲದ ತಕ್ಕಡಿಯಲ್ಲಿ ತೂಗಲಾಗದು. ತಂತ್ರಾಂಶ ಮಾಡುವವರಿಗೆ ಲೋಕದ ಎಲ್ಲ ಕೀಲಿಮಣೆಗಳೂ ಗೊತ್ತಿರಬೇಕೇ ಎಂಬ ಪ್ರಶ್ನೆಗೆ ಹೆಚ್ಚು ತೂಕವಿದೆ. 2015ರಲ್ಲಿ ಮೀಡಿಯಂ ಜಾಲತಾಣದಲ್ಲಿ ಪೋಲಿಷ್ ಲೇಖಕರಿಗೆ ‘ಶ’ಕಾರದ ಅಕ್ಷರವೊಂದೇ ಮೂಡುತ್ತಿರಲಿಲ್ಲ. ಬರಹ ತಾನಾಗಿಯೇ ಉಳಿಯುವುದರಿಂದ ಅಲ್ಲಿ ಕಂಟ್ರೋಲ್–ಎಸ್ ಒತ್ತಿಗೆಯನ್ನು ತಡೆಹಿಡಿದಿದ್ದರು. ಬಲಗಡೆಯ ಆಲ್ಟ್ ಕೀಲಿಯನ್ನು ವಿಂಡೋಸ್ ಕಂಟ್ರೋಲ್ ಮತ್ತು ಆಲ್ಟ್ ಎರಡೂ ಸೇರಿದಂತೆ ಎಣಿಸುತ್ತದೆ. ಪೋಲಿಷರು ಆ ಅಕ್ಷರ ಮೂಡಿಸುವುದು ಅದರ ಜೊತೆ ಎಸ್ ಒತ್ತಿಯೇ. ಯಾರ ದುರುದ್ದೇಶವೂ ಇಲ್ಲದೆ ಒಂದು ಭಾಷೆಯ ಅಕ್ಷರ ಕೊಚ್ಚಿಹೋಯಿತು. ಗೊತ್ತಿಲ್ಲದಿರುವುದು ತಪ್ಪಲ್ಲ, ಗೊತ್ತಿಲ್ಲದಿರಬಹುದು ಎಂಬ ಎಚ್ಚರ ಇಲ್ಲದಿರುವುದು ತಪ್ಪು.

ಆ ಎಚ್ಚರಕ್ಕೆ ದೊಡ್ಡ ವಿದ್ಯೆ ಬೇಡ. ಅಕ್ಷರ ಮೂಡಿಸುವ ಒತ್ತಿಗೆಯನ್ನು ಆಜ್ಞೆ ಕಬಳಿಸಬಾರದು. ಬಳಕೆದಾರರು ಮಾಡಿಕೊಂಡ ಏರ್ಪಾಟನ್ನು ಅಪ್‌ಗ್ರೇಡ್ ಮುಟ್ಟಬಾರದು. ಮುಟ್ಟಲೇಬೇಕಾದರೆ ಮೊದಲು ಹೇಳಬೇಕು. ಇದು ಆಗದ ಮಾತೇನಲ್ಲ. ಅಂತರಜಾಲದ ವಿಳಾಸಗಳು ಹುಟ್ಟಿದ್ದು ಬರಿಯ 26 ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೀಟುಗಳಲ್ಲಿ. ಆದರೂ ನ್ಯೂಜಿಲೆಂಡಿನ ಡಾಟ್ ಎನ್‌ಜೆಡ್ ವಿಳಾಸಗಳಿಗೆ 2010ರಲ್ಲಿ ಮಾವೊರಿಯ ಐದೂ ದೀರ್ಘ ಸ್ವರಗಳು ಬಂದವು. ಜಗತ್ತಿಗೆಲ್ಲ ಹಬ್ಬಿದ ಜಾಲವೇ ಆ ಗೆರೆಗೆ ಜಾಗ ಮಾಡಿಕೊಟ್ಟಿರುವಾಗ, ಮೇಜಿನ ಮೇಲಿನ ಒಂದು ಕೀಲಿ ಸರಿದು ನಿಲ್ಲಬಾರದೇ?