ಬೇಟೆಯ ಪಾಲು ಯಾರದು?

ಯುಗಾದಿಯ ಮಾರನೆಯ ದಿನ ಹೊಸತೊಡಕು. ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಬ್ಬದ ದಿನ ಬೇವು ಬೆಲ್ಲ, ಒಬ್ಬಟ್ಟು. ಮಾರನೆ ದಿನ ಬಾಡು. ಪಂಚಾಂಗ ಓದಿಸಿಕೊಳ್ಳುವವರ ಹಬ್ಬ ಒಂದೇ ದಿನಕ್ಕೆ ಮುಗಿಯುತ್ತದೆ, ನಮ್ಮ ಹಬ್ಬ ಮಾರನೆ ದಿನ ಶುರುವಾಗುತ್ತದೆ. ಆ ದಿನ ಏನು ಮಾಡುತ್ತೇವೋ ಅದು ವರ್ಷವೆಲ್ಲಾ ತೊಡರಿಕೊಳ್ಳುತ್ತೆ ಅನ್ನೋದು ನಂಬಿಕೆ. ಆದ್ದರಿಂದ ಎಂಥಾ ಬಡವರ ಮನೆಯಲ್ಲೂ ಆ ದಿನ ಒಲೆಯ ಮೇಲೆ ಬಾಡಿನ ಗಮಲು ಏಳಬೇಕು. ಒಂದು ಕಾಲಕ್ಕೆ ಆ ಬಾಡು ಅಂಗಡಿಯಿಂದ ಬರುತ್ತಿರಲಿಲ್ಲ. ಕೆರೆ ಹಿಂದಿನ ಕುರುಚಲಿನಿಂದ, ಗುಡ್ಡದ ಓರೆಯಿಂದ, ಕಾಡಿನಿಂದ ಬರುತ್ತಿತ್ತು. ಊರಿಗೆ ಊರೇ ಬೇಟೆಗೆ ಹೋಗುತ್ತಿತ್ತು. ಮೊಲ ಸಿಕ್ಕರೆ ಮೊಲ, ಹಂದಿ ಸಿಕ್ಕರೆ ಹಂದಿ, ಅದೃಷ್ಟ ಇದ್ದರೆ ಜಿಂಕೆ.

ನಾವು ಆ ಬೇಟೆಯಲ್ಲಿ ಓಡಿದವರಲ್ಲ. ಓಡಿದವರ ಬಾಯಲ್ಲಿ ಕೇಳುತ್ತಾ ಬೆಳೆದವರು. ಚಳಿಗಾಲದ ರಾತ್ರಿ ಬೆಂಕಿ ಸುತ್ತ ಕೂತು ನಮ್ಮ ಅಜ್ಜಂದಿರು ಹೇಳುತ್ತಿದ್ದ ಕತೆಯಲ್ಲಿ ಜಿಂಕೆ ಬಿದ್ದ ಸಂಗತಿ ಒಂದು ಗಳಿಗೆಯಲ್ಲಿ ಮುಗಿದುಹೋಗುತ್ತಿತ್ತು. ಅದನ್ನು ಹಂಚಿದ ಸಂಗತಿ ಮಾತ್ರ ಬೆಂಕಿ ಆರುವವರೆಗೂ ನಡೆಯುತ್ತಿತ್ತು. ಇದು ಆಗ ನಮಗೆ ವಿಚಿತ್ರವಾಗಿ ಕಂಡಿತ್ತು. ಈಗ ಯೋಚಿಸಿದರೆ ಆ ಹಂಚಿಕೆಯೇ ಕತೆಯ ತಿರುಳು ಅನ್ನಿಸುತ್ತದೆ.

'ಬಲೆ ಹಿಡಿದೋನ್ಗೆ ಒಂದ್ ಪಾಲು. ಸೋವಿದೋನ್ಗೆ ಒಂದ್ ಪಾಲು. ಮೊದ್ಲೇಟು ಹಾಕ್ದೋನ್ಗೆ ಒಂದ್ ತುಂಡು ಜಾಸ್ತಿ. ನಾಯಿಗೆ ನಾಯಿ ಪಾಲು. ಮನೇಲಿ ಬಸುರಿ ಇದ್ರೆ ಹೊಟ್ಟೇಲಿರೋ ಕೂಸ್ಗೂ ಒಂದ್ ಪಾಲು. ದಾರೀಲಿ ಎದುರು ಸಿಕ್ಕೋನ್ಗೂ ಒಂದ್ ಹಿಡಿ ಕೊಡ್ದೆ ಬರ್ಬಾರ್ದು ಕಲಾ' ಎಂದು ಅಜ್ಜ ಬೆರಳು ಮಡಚುತ್ತಿದ್ದ.

ಮುತ್ತುಗದ ಎಲೆಯ ಮೇಲೆ ಗುಡ್ಡೆ ಹಾಕುತ್ತಿದ್ದರಂತೆ. ಎಲ್ಲಾ ಗುಡ್ಡೆಯಲ್ಲೂ ಎಲುಬು ಇರಬೇಕು, ಎಲ್ಲಾ ಗುಡ್ಡೆಯಲ್ಲೂ ಈಲಿ ಇರಬೇಕು. ಆಮೇಲೆ ಒಬ್ಬನನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಿದ್ದರು. ಇನ್ನೊಬ್ಬ ಒಂದು ಗುಡ್ಡೆಗೆ ಕಡ್ಡಿ ಮುಟ್ಟಿಸಿ 'ಇದು ಯಾರ್ದು?' ಅಂತ ಕೇಳಬೇಕು. ಬೆನ್ನು ತಿರುಗಿಸಿದವನು ಯಾವುದೋ ಒಂದು ಹೆಸರು ಹೇಳಬೇಕು. ಅವನಿಗೆ ಗುಡ್ಡೆ ಕಾಣದು. ಕಡ್ಡಿ ಹಿಡಿದವನಿಗೆ ಹೆಸರು ಗೊತ್ತಿಲ್ಲ. ಯಾವ ಗುಡ್ಡೆ ಯಾರಿಗೆ ಹೋಗುತ್ತದೆ ಎಂದು ತಿಳಿಯದಿದ್ದಾಗ ಗುಡ್ಡೆ ಹಾಕುವವನ ಕೈ ತಾನೇ ಸಮನಾಗುತ್ತದೆ. ನ್ಯಾಯ ಎಂದರೇನು ಎಂದು ದೊಡ್ಡ ದೊಡ್ಡ ಗ್ರಂಥಗಳು ಚರ್ಚಿಸಿವೆ. ಅಕ್ಷರ ಬಾರದ ನಮ್ಮವರು ಅದನ್ನು ಒಂದು ಮುತ್ತುಗದೆಲೆ, ಒಂದು ಕಡ್ಡಿಯಲ್ಲಿ ತೀರ್ಮಾನ ಮಾಡಿದ್ದರು.

ಇಲ್ಲಿಗೆ ನಿಲ್ಲಿಸಿಬಿಟ್ಟರೆ ಇದೊಂದು ಚಂದದ ಕತೆ. ಹಳ್ಳಿ ಎಷ್ಟು ಸೊಗಸಾಗಿತ್ತು ಎಂದು ಹಾಡಿ ಎದ್ದುಹೋಗಬಹುದು. ಆದರೆ ಗೆಳೆಯರೇ, ಅಜ್ಜ ಹೇಳಿದ ಇನ್ನೊಂದು ಕತೆಯೂ ಇದೆ. ಅದನ್ನು ಅವನು ಬೆರಳು ಮಡಚಿ ಹೇಳುತ್ತಿರಲಿಲ್ಲ, ತಲೆ ಬಗ್ಗಿಸಿ ಹೇಳುತ್ತಿದ್ದ.

ಅದು ಗೌಡರ ಬೇಟೆ. ಕೋವಿ ಅವರದು, ಕಾಲು ನಮ್ಮದು. ಕೋವಿಗೆ ಲೈಸೆನ್ಸು ಬೇಕು, ಲೈಸೆನ್ಸು ಹೊಲ ಗದ್ದೆ ಇದ್ದವರ ಕೈಗೆ ಮಾತ್ರ ಸಿಕ್ಕುತ್ತಿತ್ತು. ಗೌಡರು ಮರದ ಮರೆಯಲ್ಲಿ ಕೂರುತ್ತಿದ್ದರು. ಮುಳ್ಳುಕಂಟಿಯಲ್ಲಿ ನುಗ್ಗಿ, ತಮಟೆ ಬಡಿದು, ಹೋ ಎಂದು ಕೂಗಿ ಸೋವಬೇಕಾದವರು ಕೇರಿಯವರು. ಹಂದಿ ತಿರುಗಿ ಬಿದ್ದರೆ ಸೀಳುವುದು ನಮ್ಮ ತೊಡೆಯನ್ನೇ. ಜಿಂಕೆ ಬಿದ್ದ ಮೇಲೆ ಅದನ್ನು ಬೊಂಬಿಗೆ ಕಟ್ಟಿ ಹೊತ್ತು ತರುವವರೂ ನಾವೇ. ಆಗ ಮುಟ್ಟಿದರೆ ಮೈಲಿಗೆಯಿಲ್ಲ. ಸುಲಿದು ಕತ್ತರಿಸಿ ಒಳಮನೆಗೆ ಹೋದ ಮೇಲೆ ಅದೇ ಬಾಡು ನಾವು ಮುಟ್ಟಬಾರದ ಪದಾರ್ಥ! ತೊಡೆ, ತಲೆ, ಈಲಿ ಅವರಿಗೆ. ಕರುಳು, ಗೊರಸು, ಮಿಕ್ಕಿದ್ದು ನಮಗೆ. ಅದನ್ನೂ ಎಲೆಯಲ್ಲಿ ಕಟ್ಟಿ ಜಗಲಿಯಿಂದ ಎಸೆಯುತ್ತಿದ್ದರು. ಅಲ್ಲಿ ಬೆನ್ನು ತಿರುಗಿಸಿ ನಿಲ್ಲುವವನು ಯಾರೂ ಇರಲಿಲ್ಲ. ಯಾವ ತುಂಡು ಯಾರಿಗೆ ಅನ್ನೋದು ಜಿಂಕೆ ಹುಟ್ಟುವ ಮೊದಲೇ ತೀರ್ಮಾನವಾಗಿತ್ತು.

ಹಾಗಾದರೆ ಎರಡು ಕಡೆಯೂ ಹಂಚಿಕೆ ನಡೆದಿದೆ. ಎರಡಕ್ಕೂ 'ಪಾಲು' ಎಂಬ ಒಂದೇ ಹೆಸರು ಯಾಕೆ? ಈ ಪ್ರಶ್ನೆಯನ್ನು ನಾವು ಎದುರಿಸಲೇಬೇಕು. 'ನಮ್ಮ ಊರಲ್ಲಿ ಎಲ್ಲಾ ಜಾತಿಯವರೂ ಹಂಚಿಕೊಂಡು ಬಾಳುತ್ತಿದ್ದೆವು, ನೀವು ಬಂದು ಕೆಡಿಸಿದಿರಿ' ಎಂದು ಈಗಲೂ ಹೇಳುವವರಿದ್ದಾರೆ. ಅವರಿಗೆ ಕೊಡಬೇಕಾದ ಉತ್ತರ ಈ ಒಂದು ಪದದಲ್ಲಿ ಅಡಗಿದೆ.

ಬೇಡರ ಕಣ್ಣಪ್ಪನ ಕತೆ ಎಲ್ಲರಿಗೂ ಗೊತ್ತು. ಹರಿಹರ ಅವನ ಮೇಲೆ ರಗಳೆ ಬರೆದ, 1954ರಲ್ಲಿ ಸಿನಿಮಾ ಬಂತು. ಕಣ್ಣಪ್ಪ ಮಾಡಿದ್ದೇನು? ಬೇಟೆಯ ಮಾಂಸವನ್ನು ಮೊದಲು ತಾನು ರುಚಿ ನೋಡಿ, ಚೆನ್ನಾಗಿರುವ ತುಂಡನ್ನು ಶಿವನಿಗಿಟ್ಟ. ಪೂಜಾರಿಗೆ ಅದು ಎಂಜಲು. ಕಣ್ಣಪ್ಪನಿಗೆ ಅದು ಪಾಲು. ಒಳ್ಳೆಯ ತುಂಡನ್ನು ಆರಿಸಿ ಕೊಟ್ಟರೆ ಪಾಲು, ತನಗೆ ಬೇಡದ್ದನ್ನು ಆರಿಸಿ ಕೊಟ್ಟರೆ ಭಿಕ್ಷೆ. ವ್ಯತ್ಯಾಸ ಇಷ್ಟೇ. ಭಕ್ತಿಯ ಕತೆ ಮಾಡಿ ಕಣ್ಣಪ್ಪನನ್ನು ಗುಡಿಯಲ್ಲಿ ಕೂರಿಸಿದವರು ಅವನು ಕಲಿಸಿದ ಈ ಪಾಠವನ್ನು ಮಾತ್ರ ಬಾಗಿಲಾಚೆ ಬಿಟ್ಟರು.

1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಜನರಿಗೆ ಕೆರೆಯ ನೀರನ್ನು ಮುಟ್ಟಿ ಎಂದಷ್ಟೇ ಹೇಳಲಿಲ್ಲ. ಸತ್ತ ದನದ ಮಾಂಸ ಬಿಡಿ, ಎಸೆದ ಎಂಜಲು ಬಿಡಿ ಎಂದೂ ಹೇಳಿದರು. ಅದನ್ನು ಕೇಳಿ ಸಸ್ಯಾಹಾರದ ಬೋಧನೆ ಎಂದು ಖುಷಿಪಟ್ಟವರಿದ್ದಾರೆ. ಅದು ಹಾಗಲ್ಲ. ಮಾಂಸ ಹೊಲಸು ಎಂದು ಅವರು ಹೇಳಲಿಲ್ಲ, ಭಿಕ್ಷೆ ಹೊಲಸು ಎಂದರು. ಮೇಲಿನಿಂದ ಬೀಳುವುದನ್ನು ತಲೆಯೆತ್ತಿ ಕಾಯುವವನ ಬೆನ್ನು ನೆಟ್ಟಗಾಗುವುದಿಲ್ಲ.

ಇನ್ನು ಬೇಟೆಯ ಮಾತಿಗೆ ಬರೋಣ. ಕೊಲ್ಲುವ ಆಯುಧ ಯಾರ ಕೈಯಲ್ಲಿರಬೇಕು ಎಂದು ತೀರ್ಮಾನಿಸುವವರು ಯಾವಾಗಲೂ ಮೇಲೆಯೇ ಇದ್ದಾರೆ. 1857ರಲ್ಲಿ ಬ್ರಿಟಿಷ್ ಸರ್ಕಾರ ಆಯುಧಗಳನ್ನು ನೋಂದಾಯಿಸಿ, ಇಲ್ಲವೇ ಒಪ್ಪಿಸಿ ಎಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಗುವುದಿಲ್ಲ ಎಂದರು. ಆಯುಧ ಹೋದರೆ ಬೇಟೆ ಹೋಯಿತು, ಬೇಟೆ ಹೋದರೆ ಬೇಡರೆಂಬ ಹೆಸರೂ ಹೋಯಿತು. ಆ ವರ್ಷದ ನವೆಂಬರಿನಲ್ಲಿ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಹಿಡಿದವರನ್ನು ಗಲ್ಲಿಗೇರಿಸಿತು. ಇವತ್ತಿಗೂ ಲಾವಣಿಯಲ್ಲಿ ಉಳಿದಿರುವುದು ಆ ಬೆಂಕಿ.

ಅದೇ ಸರ್ಕಾರದ ಸಾಹೇಬರು, ಅವರ ಸ್ನೇಹಿತರಾದ ರಾಜರು ಏನು ಮಾಡುತ್ತಿದ್ದರು? ಷಿಕಾರಿ. ಸತ್ತ ಹುಲಿಯ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಂಡರು. ಜಿಂಕೆ ಕೊಂಬುಗಳನ್ನು ಅರಮನೆ ಗೋಡೆಗೆ ಬಡಿದರು. ಕಾಕನಕೋಟೆಯಲ್ಲಿ 1971ರವರೆಗೂ ಖೆಡ್ಡಾ ನಡೆಯಿತು. ಕಾಡು ಹೊಕ್ಕು ಆನೆ ಅಟ್ಟಿದವರು ಜೇನುಕುರುಬರು, ಬೆಟ್ಟಕುರುಬರು. ಅಟ್ಟಣೆ ಮೇಲೆ ಕೂತು ನೋಡಿದವರು ರಾಜರು, ವೈಸರಾಯರು. ಬಂಡೀಪುರ 1931ರಲ್ಲಿ ಮೈಸೂರು ಮಹಾರಾಜರ ಅಭಯಾರಣ್ಯವಾಯಿತು, 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು, 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಒಬ್ಬರ ಮೋಜಿಗಾಗಿ ಕಾಡನ್ನು ಕಾದರು, ಆಮೇಲೆ ದೇಶದ ಹೆಸರಿನಲ್ಲಿ ಕಾದರು. ಎರಡು ಸಲವೂ ಆಚೆ ನಿಲ್ಲಬೇಕಾದವರು ಅದೇ ಜನ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಬೇಟೆ ಅಪರಾಧವಾಯಿತು. ಕೃಷ್ಣಮೃಗದಂಥ ಪ್ರಾಣಿಯನ್ನು ಕೊಂದರೆ ಮೂರರಿಂದ ಏಳು ವರ್ಷ ಜೈಲು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದಾಗ ಸೋಲಿಗರ ಬೇಟೆಯೂ ಹೋಯಿತು, ಅವರ ಕುಮರಿ ಬೇಸಾಯವೂ ಹೋಯಿತು. 2006ರ ಅರಣ್ಯ ಹಕ್ಕು ಕಾಯಿದೆ ಬಂದು, ಹೋರಾಟ ನಡೆದು, 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿ, ಪಾಚಿ ತೆಗೆಯುವ ಹಕ್ಕು. ಆದರೆ ಆ ಕಾಯಿದೆಯೇ ಒಂದು ಮಾತು ಸ್ಪಷ್ಟವಾಗಿ ಹೇಳುತ್ತದೆ: ಬೇಟೆಯಾಡುವ ಸಾಂಪ್ರದಾಯಿಕ ಹಕ್ಕು ಇದರಲ್ಲಿ ಸೇರಿಲ್ಲ.

ಇದು ಅನ್ಯಾಯವೇ? ಸಿಟ್ಟಿನಿಂದ ನೋಡಿದರೆ ಹೌದು. ಗೋಡೆ ತುಂಬ ಕೊಂಬು ಬಡಿದವರ ಮೇಲೆ ಕೇಸಿಲ್ಲ, ಒಂದು ಮೊಲ ಹಿಡಿದವನಿಗೆ ಬೇಡಿ. ಆದರೆ ಸಿಟ್ಟು ಅರ್ಧ ಸತ್ಯವನ್ನು ಮಾತ್ರ ತೋರಿಸುತ್ತದೆ. ಉಳಿದರ್ಧವನ್ನು ನಾವೇ ಧೈರ್ಯ ಮಾಡಿ ನೋಡಬೇಕು.

ಈ ಇಡೀ ಮಾತಿನಲ್ಲಿ ಜಿಂಕೆಯನ್ನು ಯಾರೂ ಕೇಳಲಿಲ್ಲ. ಪಾಲು ಎಷ್ಟೇ ಸಮವಾಗಿರಲಿ, ಗುಡ್ಡೆಯಾಗಿರುವುದು ಅದರ ಮೈ. ಸುತ್ತ ಕೂಗು, ಮುಂದೆ ಬಲೆ, ಓಡಲು ದಾರಿಯಿಲ್ಲ. ಇದು ಹೇಗಿರುತ್ತದೆಂದು ಈ ದೇಶದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನಮಗೆ. 1968ರಲ್ಲಿ ಕೀಳ್ವೆಣ್ಮಣಿಯ ಗುಡಿಸಲಿನಲ್ಲಿ, 2000ದಲ್ಲಿ ಕಂಬಾಲಪಲ್ಲಿಯ ಮನೆಯಲ್ಲಿ ಬೆಂಕಿಗೆ ಸಿಕ್ಕಿ ಸತ್ತ ನಮ್ಮವರಿಗೆ ಗೊತ್ತಿತ್ತು. ಅಟ್ಟಿಸಿಕೊಂಡು ಓಡಿದವರು ಅಟ್ಟುವುದನ್ನು ಹೊಗಳಬಾರದು.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅಹಿಂಸೆಯ ವಿಷಯ ಬರೆಯುವಾಗ ಒಂದು ಗೆರೆ ಎಳೆಯುತ್ತಾರೆ. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ. ಬುದ್ಧ ತಡೆದದ್ದು ಬರೀ ಇಚ್ಛೆಗಾಗಿ ಕೊಲ್ಲುವುದನ್ನು. ಅಹಿಂಸೆ ಒಂದು ತತ್ವ, ಕುರುಡು ನಿಯಮವಲ್ಲ. ತತ್ವ ಯೋಚಿಸಲು ಬಿಡುತ್ತದೆ, ನಿಯಮ ಬಿಡುವುದಿಲ್ಲ. ಈ ಗೆರೆಯನ್ನು ಹಿಡಿದು ನೋಡಿದರೆ ನಮ್ಮ ಪ್ರಶ್ನೆ ತಿಳಿಯಾಗುತ್ತದೆ. ಹಸಿದ ಕೇರಿ ವರ್ಷಕ್ಕೊಂದು ಸಲ ಗುಡ್ಡ ಹತ್ತಿ ತಂದದ್ದು ಅಗತ್ಯ. ರಾಜರು ಗೋಡೆಗೆ ಬಡಿದದ್ದು ಇಚ್ಛೆ. ಹಾಗೆಯೇ, ಇವತ್ತು ಸಂಬಳ ಎಣಿಸುವ ನಮ್ಮ ಹುಡುಗರು ರಾತ್ರಿ ಜೀಪಿನಲ್ಲಿ ಬ್ಯಾಟರಿ ಬಿಟ್ಟುಕೊಂಡು ಹೋಗಿ ಜಿಂಕೆ ಹೊಡೆದು 'ನಮ್ಮ ತಾತಂದಿರ ಸಂಪ್ರದಾಯ' ಎಂದರೆ, ಅದು ತಾತನ ಸಂಪ್ರದಾಯವಲ್ಲ, ರಾಜನ ಸಂಪ್ರದಾಯ. ಕಾಡು ಕುರುಚಲಾಗಿ, ಕುರುಚಲು ಲೇಔಟಾಗಿ, ಇರುವ ನಾಕು ಜಿಂಕೆಗಳು ತಂತಿಬೇಲಿಯೊಳಗೆ ಬದುಕಿರುವಾಗ ಅಗತ್ಯದ ಮಾತು ನಮ್ಮ ಬಾಯಿಗೆ ಒಪ್ಪುವುದಿಲ್ಲ. ಇದೇ ಗೆರೆಯ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕಾಡಿನ ಜನರಿಂದ ಬೇಟೆ ಕಿತ್ತುಕೊಂಡ ಸರ್ಕಾರ ಅವರ ತಟ್ಟೆಗೆ ಬೇರೇನು ಹಾಕಿತು ಎಂದು ಕೇಳದೆ ಅಹಿಂಸೆ ಮಾತಾಡುವವರಿಗೂ ಆ ಮಾತು ಒಪ್ಪುವುದಿಲ್ಲ.

ಹಾಗಾದರೆ ಉಳಿದದ್ದೇನು? ಬೇಟೆ ಹೋಯಿತು, ಪಾಲು ಉಳಿಯಿತು. ಇವತ್ತಿಗೂ ಹೊಸತೊಡಕಿನ ದಿನ ನಮ್ಮ ಹಳ್ಳಿಗಳಲ್ಲಿ ಗುಡ್ಡೆ ಮಾಂಸ ಹಾಕುತ್ತಾರೆ. ವರ್ಷವೆಲ್ಲಾ ವಾರಕ್ಕಿಷ್ಟು ಎಂದು ಚೀಟಿ ಕಟ್ಟುತ್ತಾರೆ. ಎಲ್ಲಾ ಸೇರಿ ಕುರಿ ತಂದು ಕುಯ್ದು ಸಮನಾಗಿ ಗುಡ್ಡೆ ಹಾಕುತ್ತಾರೆ. ಯಾರ ಜಗಲಿಯ ಮುಂದೂ ನಿಲ್ಲಬೇಕಾಗಿಲ್ಲ. ತಮ್ಮ ಕಾಸು, ತಮ್ಮ ಗುಡ್ಡೆ. ನಮ್ಮ ಅಜ್ಜ ಗುಡ್ಡದ ಮೇಲೆ ಕಲಿತದ್ದು ಇಲ್ಲಿ ಜೀವಂತವಾಗಿದೆ. ಹಳ್ಳಿ ಸ್ಕೂಲಿನ ಮೇಷ್ಟರುಗಳಿಗೆ ಒಂದು ಮಾತು: ಹಬ್ಬ ಮುಗಿಸಿ ಬಂದ ಮಕ್ಕಳನ್ನು 'ಏನ್ ಊಟ ಮಾಡಿದ್ರೋ?' ಎಂದು ಕೇಳಿದರೆ ಕೇರಿಯ ಮಗು 'ಒಬ್ಬಟ್ಟು ಸಾರ್' ಎಂದು ಸುಳ್ಳು ಹೇಳುತ್ತದೆ. ಬಾಡು ತಿಂದದ್ದು ತಪ್ಪೆಂದು ಆ ಮಗುವಿಗೆ ಯಾರು ಹೇಳಿಕೊಟ್ಟರು? ಆ ಗುಡ್ಡೆಯ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆಯಿಸಿ. ಭಾಗಾಕಾರಕ್ಕೆ ಅದಕ್ಕಿಂತ ಒಳ್ಳೆ ಪಾಠವಿಲ್ಲ.

ಇಷ್ಟೆಲ್ಲಾ ಬರೆದು ಮುಗಿಸುವ ಹೊತ್ತಿಗೆ ನಮಗೆ ನಮ್ಮದೇ ಮನೆಯ ಒಲೆ ನೆನಪಾಗುತ್ತದೆ. ಗೌಡರ ಜಗಲಿಯ ಲೆಕ್ಕ ಕೇಳಿದೆವು, ಅರಮನೆಯ ಲೆಕ್ಕ ಕೇಳಿದೆವು, ಸರ್ಕಾರದ ಲೆಕ್ಕವನ್ನೂ ಕೇಳಿದೆವು. ಗುಡ್ಡೆ ಮನೆಗೆ ಬಂದ ಮೇಲೆ ಏನಾಗುತ್ತದೆ? ಮೊದಲು ಅಪ್ಪನಿಗೆ, ಆಮೇಲೆ ಗಂಡುಮಕ್ಕಳಿಗೆ, ಆಮೇಲೆ ಬಂದ ನೆಂಟರಿಗೆ. ಕೊನೆಗೆ ಒಲೆಯ ಮುಂದೆ ಕಣ್ಣು ಉರಿಸಿಕೊಂಡವಳಿಗೆ. 'ನಂಗೆ ಸೇರಲ್ಲ ಕಣ್ರಪ್ಪ, ನೀವ್ ಉಣ್ಣಿ' ಎಂದು ಅವ್ವ ಮುದ್ದೆಗೆ ಬರೀ ಸಾರು ಬಿಟ್ಟುಕೊಳ್ಳುತ್ತಿದ್ದಳು. ನಾವು ಅದನ್ನು ನಂಬಿದೆವು. ನಂಬುವುದು ನಮಗೆ ಸುಲಭವಾಗಿತ್ತು. ಬಸುರಿಯಾಗಿದ್ದಾಗ ಹೊಟ್ಟೆಯ ಕೂಸಿಗೊಂದು ಪಾಲು ಸಿಕ್ಕಿತ್ತಲ್ಲ, ಆ ಕೂಸು ಗಂಡಾಗಿ ಹುಟ್ಟಿ ಬೆಳೆದು ಅವ್ವನ ಪಾಲನ್ನೂ ಉಂಡಿತು. ಅವ್ವನ ತಟ್ಟೆಯಲ್ಲಿ ಉಳಿಯುತ್ತಿದ್ದದ್ದು ಕರುಳು, ಗೊರಸು, ಮಿಕ್ಕಿದ್ದು. ಜಗಲಿಯಿಂದ ಎಸೆದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಗುಡ್ಡದ ಮೇಲೆ ಬೆನ್ನು ತಿರುಗಿಸಿ ನಿಂತು ನ್ಯಾಯ ಮಾಡಿದ ಗಂಡಸರು ಮನೆಯೊಳಗೆ ಎಂದೂ ಹಾಗೆ ನಿಲ್ಲಲಿಲ್ಲ. ಸೌಟಿಗೆ ಯಾವ ತಟ್ಟೆ ಯಾರದೆಂದು ಗೊತ್ತಿತ್ತು.

ಮುಂದಿನ ಹೊಸತೊಡಕಿಗೆ ಗುಡ್ಡೆ ಮನೆಗೆ ಬಂದಾಗ ಒಂದು ಕೆಲಸ ಮಾಡೋಣ. ಎಲ್ಲಾ ತಟ್ಟೆಗಳನ್ನೂ ನೆಲದ ಮೇಲೆ ಸಾಲಾಗಿ ಇಡೋಣ. ಅವ್ವನದೂ, ತಂಗಿಯದೂ, ಹೆಂಡತಿಯದೂ. ಬಡಿಸುವ ಕೆಲಸ ನಾವು ಮಾಡೋಣ. ಮನೆಯ ಸಣ್ಣ ಮಗುವನ್ನು ಬೆನ್ನು ತಿರುಗಿಸಿ ನಿಲ್ಲಿಸಿ ಕೇಳೋಣ:

'ಇದು ಯಾರ್ದು?'