ಗೆಲುವಿಗೆ ಕರ್ತೃ ಯಾರು?

ಸೋತು ಸೊರಗಿದ್ದ ತಂಡವೊಂದು ಹೊಸ ತರಬೇತುದಾರರು ಬಂದ ಬಳಿಕ ಗೆಲ್ಲತೊಡಗಿದರೆ ಆ ಗೆಲುವು ಅವರಿಂದಲೇ ಆಯಿತೆಂದು ಹೇಳಬಹುದೆ ಎಂಬುದು, ಬೆಂಗಳೂರು ಎಫ್‌ಸಿಯ ಅಭಿಮಾನಿಗಳು ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿಯೂ, ಉದ್ಯೋಗಾರ್ಥವಾಗಿ ರಾಜಧಾನಿಯನ್ನು ಸೇರಿದ ನಮ್ಮ ಕಡೆಯ ತರುಣರು ಹಬ್ಬಕ್ಕೆಂದು ಕಿಕ್ಕೇರಿಗೆ ಬಂದಾಗ ಹೋಟೆಲಿನ ಬೆಂಚಿನ ಮೇಲೆಯೂ ಪಟ್ಟು ಹಿಡಿದು ವಾದಿಸುವ ವಿಷಯ. ಇದನ್ನು ಹುಡುಗಾಟವೆಂದು ಬದಿಗೆ ಸರಿಸುವ ಹಿರಿಯರ ಮಾತನ್ನು ನಾನು ಒಪ್ಪಲಾರೆ. ಕಾರ್ಯಕ್ಕೆ ಕಾರಣವಾವುದು, ಕರ್ತೃತ್ವವೆಂಬುದು ಒಬ್ಬನಲ್ಲಿ ನೆಲೆಸಿರತಕ್ಕದ್ದೋ ಹಲವರಲ್ಲಿ ಹಂಚಿಹೋಗಿರತಕ್ಕದ್ದೋ, ಸ್ತುತಿನಿಂದೆಗಳು ಯಾರಿಗೆ ಎಷ್ಟೆಷ್ಟು ಸಲ್ಲತಕ್ಕವು ಎಂದು ನಮ್ಮ ದರ್ಶನಕಾರರು ಶತಮಾನಗಳ ಕಾಲ ಜಿಜ್ಞಾಸೆ ನಡೆಸಿದ ಪ್ರಶ್ನೆಗಳೇ ಕಾಲ್ಚೆಂಡಿನ ಬೆನ್ನುಹತ್ತಿ ಈ ಬೆಂಚಿನವರೆಗೆ ಬಂದಿವೆ.

ವಾದದ ವಸ್ತುವನ್ನು ಮೊದಲು ನೋಡೋಣ. 2023ರ ಡಿಸೆಂಬರಿನಲ್ಲಿ ತರಬೇತುದಾರ ಸೈಮನ್ ಗ್ರೇಸನ್ ಅವರನ್ನು ಕೈಬಿಟ್ಟ ಬೆಂಗಳೂರು ತಂಡವು ಸ್ಪೇನಿನ ಜೆರಾರ್ಡ್ ಜರಗೋಜಾ ಅವರ ಕೈಗೆ ಬಂದಿತು. ಆ ಋತುವಿನ ಇಂಡಿಯನ್ ಸೂಪರ್ ಲೀಗಿನಲ್ಲಿ ತಂಡಕ್ಕೆ 22 ಪಂದ್ಯಗಳಿಂದ ದೊರೆತದ್ದು 22 ಅಂಕ, ಹತ್ತನೆಯ ಸ್ಥಾನ. ಮರುವರ್ಷ 24 ಪಂದ್ಯಗಳಿಂದ 38 ಅಂಕ ಗಳಿಸಿ ಮೂರನೆಯದಾಗಿ, ಪ್ಲೇ ಆಫ್ ಹಂತದಲ್ಲಿ ಮುಂಬೈಯನ್ನು ಐದು ಗೋಲುಗಳಿಂದ ಮಣಿಸಿ, ಗೋವಾವನ್ನು ದಾಟಿ, 2025ರ ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್ಲಿನಲ್ಲಿ ಮೋಹನ್ ಬಾಗಾನ್‌ಗೆ ಹೆಚ್ಚುವರಿ ಅವಧಿಯಲ್ಲಿ 2–1ರಿಂದ ಸೋತಿತು. ಇದೆಲ್ಲವೂ ಕೋಚ್ ಮಹಿಮೆಯೆಂದು ಒಂದು ಪಕ್ಷ. ರಾಹುಲ್ ಭೇಕೆ ಮರಳಿ ಬಂದದ್ದನ್ನೂ, ನೊಗೇರಾ, ಪೆರೇರಾ ದಿಯಾಜ್ ಮುಂತಾದವರು ಹೊಸದಾಗಿ ಸೇರಿದ್ದನ್ನೂ, ನಲವತ್ತು ತುಂಬಿದ ಸುನಿಲ್ ಛೆಟ್ರಿ ಆ ಋತುವಿನಲ್ಲಿ 14 ಗೋಲು ಹೊಡೆದದ್ದನ್ನೂ ಮುಂದಿಟ್ಟು, ಇಂಥವರಿದ್ದರೆ ಯಾರು ಬಂದರೂ ಗೆಲ್ಲುತ್ತಿತ್ತೆಂದು ಇನ್ನೊಂದು ಪಕ್ಷ.

ನೈಯಾಯಿಕರು ಈ ವಾದವನ್ನು ಕೇಳಿದ್ದರೆ ಮೊದಲು ಅನ್ವಯವ್ಯತಿರೇಕಗಳನ್ನು ತೋರಿಸಿರೆನ್ನುತ್ತಿದ್ದರು. ಕಾರಣವಿದ್ದಲ್ಲಿ ಕಾರ್ಯವಿರಬೇಕು, ಅದಿಲ್ಲದಲ್ಲಿ ಇದೂ ಇರಕೂಡದು. ಕೋಚ್ ಬದಲಾದದ್ದೇ ಚೇತರಿಕೆಗೆ ಕಾರಣವಾದರೆ, ಬದಲಾಗದೆ ಉಳಿದಾಗ ಚೇತರಿಕೆ ತೋರಬಾರದಷ್ಟೆ? ಆದರೆ ಇದೇ ತಂಡದ 2022–23ರ ಚರಿತ್ರೆಯು ಇದಕ್ಕೆ ನೇರವಾದ ವ್ಯಭಿಚಾರವನ್ನು, ಎಂದರೆ ನಿಯಮಭಂಗವನ್ನು, ತೋರುತ್ತದೆ. ಗ್ರೇಸನ್ ಬಂದ ಕೆಲವೇ ತಿಂಗಳಲ್ಲಿ, 2022ರ ಸೆಪ್ಟೆಂಬರ್ 18ರಂದು, ಡ್ಯುರಾಂಡ್ ಕಪ್ ಕೈಸೇರಿತು; ಅನಂತರ ಲೀಗಿನ ಮೊದಲರ್ಧದಲ್ಲಿ ಸೋಲಿನ ಮೇಲೆ ಸೋಲು; ಆ ಮೇಲೆ ಅದೇ ಕೋಚ್, ಅದೇ ಆಟಗಾರರು, ಸಾಲಾಗಿ ಎಂಟು ಪಂದ್ಯಗಳನ್ನು ಗೆದ್ದು ಫೈನಲ್ ತಲುಪಿ, ಪೆನಾಲ್ಟಿಗಳಲ್ಲಷ್ಟೆ ಸೋತರು. ಯಾರನ್ನೂ ತೆಗೆಯದೆಯೇ ತಂಡ ಎದ್ದು ನಿಂತಿತು. ಹಾಲೆಂಡಿನ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್ ಅವರು ಆ ದೇಶದ ಲೀಗಿನ 1986ರಿಂದ 2004ರವರೆಗಿನ ದಾಖಲೆಗಳನ್ನು ಪರಿಶೀಲಿಸಿ ಕಂಡದ್ದೂ ಇದನ್ನೇ: ಕುಸಿದಾಗ ಕೋಚನ್ನು ತೆಗೆದ ಕ್ಲಬ್ಬುಗಳೂ, ಅಂತೆಯೇ ಕುಸಿದರೂ ಉಳಿಸಿಕೊಂಡ ಕ್ಲಬ್ಬುಗಳೂ, ಹೆಚ್ಚುಕಡಮೆ ಒಂದೇ ಬಗೆಯಲ್ಲಿ ಚೇತರಿಸಿಕೊಂಡುವು. ತೀರ ಕೆಳಗಿಳಿದದ್ದು ಮೇಲೇರುವುದು ಬಹಳ ಮಟ್ಟಿಗೆ ಸಹಜವಾದ ಗತಿ. ಆ ಹೊತ್ತಿಗೆ ಪಕ್ಕದಲ್ಲಿ ನಿಂತವನ ಕೊರಳಿಗೆ ನಾವು ಹಾರ ಹಾಕುತ್ತೇವೆ.

ಆದರೆ ನ್ಯಾಯಶಾಸ್ತ್ರವು ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕನ್ನೂ ಬಲ್ಲದು. ಕಾರ್ಯಕ್ಕೆ ಮುಂಚೆ ಇದ್ದುದೆಲ್ಲವೂ ಕಾರಣವಾಗಲಾರದು. ಮಡಕೆಗೆ ಕುಂಬಾರ ಕಾರಣನೇ ಹೊರತು ಕುಂಬಾರನ ತಂದೆಯಲ್ಲ, ಮಣ್ಣು ಹೊತ್ತು ತಂದ ಕತ್ತೆಯೂ ಅಲ್ಲ. ಅವು ಅನ್ಯಥಾಸಿದ್ಧಗಳು ಎಂದು ಹದಿನೇಳನೆಯ ಶತಮಾನದ ವಿಶ್ವನಾಥ ಪಂಚಾನನರು ವಿಂಗಡಿಸಿಟ್ಟರು. ಈಗ ಬೆಂಗಳೂರಿನ ಹಿಂದಿನ ಕಥೆಯನ್ನು ನೆನೆಯಿರಿ. ಆಲ್ಬರ್ಟ್ ರೋಕಾ ಅವರು 2016ರಲ್ಲಿ ತಂಡವನ್ನು ಎಎಫ್‌ಸಿ ಕಪ್ಪಿನ ಫೈನಲ್ಲಿಗೆ ಕೊಂಡೊಯ್ದರು; ಸೂಪರ್ ಲೀಗಿಗೆ ಕಾಲಿಟ್ಟ ವರ್ಷವೇ ಪಟ್ಟಿಯ ತಲೆಯಲ್ಲಿ ನಿಲ್ಲಿಸಿದರು; ಆದರೂ 2018ರ ಮಾರ್ಚ್ 17ರಂದು ತನ್ನದೇ ಕಂಠೀರವದಲ್ಲಿ ತಂಡವು ಚೆನ್ನೈಯಿನ್‌ಗೆ 3–2ರಿಂದ ಸೋತಿತು. ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರತ್ ಪಟ್ಟಕ್ಕೆ ಬಂದು, ಸರಿಯಾಗಿ ಒಂದು ವರ್ಷದ ಮೇಲೆ ಅದೇ ತಾರೀಖಿನಂದು, ಮುಂಬೈಯಲ್ಲಿ, ಗೋವಾದ ಎದುರು ಕಪ್ ಎತ್ತಿಸಿದರು. ಅದೂ ಹೆಚ್ಚುವರಿ ಅವಧಿಯ ಕೊನೆಯ ನಿಮಿಷಗಳಲ್ಲಿ ಭೇಕೆಯ ತಲೆಗೆ ತಗುಲಿ ಒಳಹೊಕ್ಕ ಒಂದೇ ಒಂದು ಚೆಂಡಿನಿಂದ. ಛೆಟ್ರಿ, ಗುರ್‌ಪ್ರೀತ್, ಮಿಕು, ಇವರೆಲ್ಲ ಎರಡೂ ಫೈನಲ್ಲುಗಳಲ್ಲಿ ಇದ್ದವರೇ. ಹಾಗಾದರೆ ಆ ಕಪ್ಪಿನ ಮಟ್ಟಿಗೆ ರೋಕಾ ಕುಂಬಾರನೋ, ಕುಂಬಾರನ ತಂದೆಯೋ? ಮಣ್ಣನ್ನು ಹದಗೊಳಿಸಿ, ತಿಗರಿಯನ್ನು ಅಣಿಮಾಡಿಕೊಟ್ಟು ಹೋದವನನ್ನು ಅನ್ಯಥಾಸಿದ್ಧನೆನ್ನಲು ನನ್ನ ಮನಸ್ಸು ಒಪ್ಪದು. ಇಲ್ಲಿ ತರ್ಕದ ಅಲಗು ಮೊಂಡಾಗುತ್ತದೆ; ವೇದಾಂತದ ನೆರವು ಬೇಕಾಗುತ್ತದೆ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಪ್ರತಿಯೊಂದು ಕರ್ಮಕ್ಕೂ ಅಧಿಷ್ಠಾನ, ಕರ್ತೃ, ಕರಣಗಳು, ಚೇಷ್ಟೆಗಳು, ದೈವ ಎಂಬ ಐದು ಹೇತುಗಳನ್ನು ಎಣಿಸಿ, ಹೀಗಿರುವಲ್ಲಿ ತನ್ನೊಬ್ಬನನ್ನೇ ಕರ್ತೃವೆಂದು ಕಾಣುವವನು ಸರಿಯಾಗಿ ಕಾಣನೆಂದು ಹೇಳುತ್ತದೆ. ದೈವವೆಂಬಲ್ಲಿ ಅಂತರ್ಯಾಮಿಯಾದ ಪರಮಾತ್ಮನನ್ನೇ ಗ್ರಹಿಸಿದವರು ರಾಮಾನುಜಾಚಾರ್ಯರು. ಅವರು ನೆಲಸಿದ್ದ ಮೇಲುಕೋಟೆ ನಮ್ಮೂರಿಗೆ ದೂರವೇನಲ್ಲ. ಎಲ್ಲವೂ ಭಗವಂತನ ಅಧೀನವಾದರೆ ಜೀವನಿಗೆ ಹೊಣೆಯೆಲ್ಲಿ ಉಳಿಯಿತು ಎಂಬ ಆಕ್ಷೇಪಕ್ಕೆ ಅವರು ಕೊಟ್ಟ ದೃಷ್ಟಾಂತವು ನಮ್ಮ ಪ್ರಶ್ನೆಗೆಂದೇ ಹೇಳಿದಂತಿದೆ: ಹಲವರು ಕೂಡಿ ಭಾರಿಯಾದ ಬಂಡೆಯನ್ನೋ ಮರವನ್ನೋ ಕದಲಿಸುವಾಗ, ಆ ಕೆಲಸವು ಒಬ್ಬನಿಂದ ಆಗತಕ್ಕದ್ದಲ್ಲದಿದ್ದರೂ, ಅವರಲ್ಲಿ ಒಬ್ಬೊಬ್ಬನೂ ಕಾರಣನೇ, ವಿಧಿನಿಷೇಧಗಳಿಗೆ ಒಳಪಟ್ಟವನೇ. ಹಂಚಿಹೋದ ಕರ್ತೃತ್ವವು ಇಲ್ಲವಾದ ಕರ್ತೃತ್ವವಲ್ಲವೆಂಬ ಈ ಮಾತು ನನಗೆ ಬಹು ದೊಡ್ಡದಾಗಿ ತೋರುತ್ತದೆ. ನಮ್ಮೂರನ್ನೇ ನೋಡಿರಿ: ಕಿಕ್ಕೇರಿಯ ಬ್ರಹ್ಮೇಶ್ವರನ ಗುಡಿಯನ್ನು 1171ರಲ್ಲಿ, ಒಂದನೆಯ ನರಸಿಂಹನ ಆಳ್ವಿಕೆಯಲ್ಲಿ, ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿ. ಹತ್ತಿರದ ಗೋವಿಂದನಹಳ್ಳಿಯ ಪಂಚಲಿಂಗೇಶ್ವರನೊಂದಿಗೆ ರೂವಾರಿ ಮಲ್ಲಿತಮ್ಮನ ಹೆಸರು ಬೆಸೆದುಕೊಂಡಿದೆ. ಬಮ್ಮವ್ವೆಯ ಸಂಕಲ್ಪವಿಲ್ಲದೆ ಆ ಗುಡಿಯಿಲ್ಲ; ಬಳಪದ ಕಲ್ಲನ್ನು ಸಾಗಿಸಿ, ನವರಂಗದ ಕಂಬಗಳನ್ನು ಕಡೆದ ಹೆಸರಿಲ್ಲದ ಕೈಗಳಿಲ್ಲದೆಯೂ ಇಲ್ಲ. ಇಬ್ಬರಿಗೂ ಕೈಮುಗಿಯುವುದರಲ್ಲಿ ನಮಗೆ ಕಷ್ಟವೇನಿದೆ?

ಕಷ್ಟ ಬರುವುದು ನಿಂದೆಯ ಪ್ರಸಂಗದಲ್ಲಿ. ಗೆಲುವನ್ನು ಒಬ್ಬನಿಗೆ ಕಟ್ಟುವುದು ಅತಿಭಕ್ತಿಯಾದೀತು. ಸೋಲನ್ನು ಒಬ್ಬನ ಮೇಲೆ ಹೊರಿಸುವುದು ಅಧರ್ಮ. ದೈವದ ಪಾಲನ್ನು ಒಪ್ಪಿಕೊಳ್ಳಲು ಅಂಜುವ ಮನಸ್ಸು, ಕಣ್ಣಿಗೆ ಕಾಣುವ ಒಬ್ಬ ಮನುಷ್ಯನನ್ನು ಹಿಡಿದು ಅವನನ್ನು ಅಟ್ಟಿಬಿಟ್ಟರೆ ವಿಧಿಯೇ ತನ್ನ ಕೈವಶವಾಯಿತೆಂದು ಸಮಾಧಾನಗೊಳ್ಳುತ್ತದೆ. 2023ರ ಮಾರ್ಚಿನಲ್ಲಿ ಎಲ್ಲರ ಬಾಯಲ್ಲಿದ್ದ ಗ್ರೇಸನ್ ಒಂಬತ್ತು ತಿಂಗಳೊಳಗೆ ಅಯೋಗ್ಯರಾದರೆಂದು ನಂಬಲು ನನಗೆ ಸಾಧ್ಯವಾಗಿಲ್ಲ.

ನನ್ನ ನಿರ್ಣಯವನ್ನು ಕೇಳುವಿರಾದರೆ, ಜರಗೋಜಾ ತಂಡವನ್ನು ಉತ್ತಮಗೊಳಿಸಿದರೆಂಬುದು ನಿಜ. ಯಾರನ್ನು ಆಡಿಸಬೇಕು, ವಯಸ್ಸಾದ ನಾಯಕನನ್ನು ಎಷ್ಟು ಹೊತ್ತು ಬಳಸಬೇಕು, ವಿನೀತ್ ವೆಂಕಟೇಶನಂಥ ಎಳೆಯರನ್ನು ಎಂದು ಕಣಕ್ಕಿಳಿಸಬೇಕು ಎಂಬ ನಿಶ್ಚಯಗಳು ಅವರ ಕೈಯಲ್ಲಿದ್ದುವು. ಅವುಗಳ ಯಶಸ್ಸೂ ಅವರದು. ಹತ್ತರಿಂದ ಮೂರಕ್ಕೆ ಏರಿದ ದೂರವೆಲ್ಲ ಅವರದೆಂಬುದು ಮಾತ್ರ ನಿಜವಲ್ಲ. ಅದರಲ್ಲಿ ಆಟಗಾರರನ್ನು ಆರಿಸಿ ತಂದವರ ಪಾಲುಂಟು, ಛೆಟ್ರಿಯ ತಪಸ್ಸಿನ ಪಾಲುಂಟು, ದೈವದ ಪಾಲೂ ಉಂಟು. ನಮ್ಮ ತರುಣರಲ್ಲಿ ನನ್ನ ಕೋರಿಕೆ ಇಷ್ಟೆ: ಮುಂದಿನ ಸೋಲಿನ ರಾತ್ರಿ ಕೋಚನ್ನು ತೆಗೆಯಿರೆಂದು ಕೂಗುವ ಮೊದಲು, ಆ ಸೋಲಿನಲ್ಲಿ ಅವರ ನಿಶ್ಚಯಗಳು ಯಾವುವಿದ್ದುವೆಂದು ಒಂದೊಂದಾಗಿ ಹೆಸರಿಸಿರಿ; ಹೆಸರಿಸಲಾರದಷ್ಟನ್ನು ಅವರ ಲೆಕ್ಕಕ್ಕೆ ಬರೆಯಬೇಡಿರಿ. ಗ್ರೇಸನ್ ಅವರ ಲೆಕ್ಕಕ್ಕೆ ಒಂದು ಡ್ಯುರಾಂಡ್ ಕಪ್ಪನ್ನೂ ಎಂಟು ಗೆಲುವುಗಳನ್ನೂ ತಪ್ಪದೆ ಬರೆಯಿರಿ.