ಮನೆಯನ್ನು ಬಿಟ್ಟು ಹೊರಡುವದು ಹೇಡಿತನವೋ?

ಕಾಡುಕಿಚ್ಚು ಊರಿನ ಸಮೀಪಕ್ಕೆ ಬಂದಾಗ ಮನೆಯ ಯಜಮಾನನ ಮುಂದೆ ಎರಡು ದಾರಿಗಳಿರುತ್ತವೆ. ಒಂದು, ಮನೆಯಲ್ಲಿಯೇ ನಿಂತು ಬೆಂಕಿಯ ಸಂಗಡ ಹೋರಾಡುವದು. ಮತ್ತೊಂದು, ಮನೆಯವರನ್ನೆಲ್ಲಾ ಕರಕೊಂಡು ಹೊರಟುಹೋಗುವದು. ನಿಂತವನನ್ನು ಜನರು ಶೂರನೆಂದು ಹೊಗಳುತ್ತಾರೆ. ಹೋದವನ ಬೆನ್ನ ಹಿಂದೆ ಏನಾದರೊಂದು ಮಾತು ಹುಟ್ಟುತ್ತದೆ. ಈ ಎಣಿಕೆಯು ನ್ಯಾಯವಾದದ್ದೋ ಎಂಬದನ್ನು ನಾವು ಈ ಸಾರಿ ವಿಚಾರಿಸೋಣ. ಇದು ಪಂಡಿತರಿಗೆ ಮಾತ್ರ ಬಿಟ್ಟ ಪ್ರಶ್ನೆಯಲ್ಲ. ಹುಲ್ಲಿನ ಬಣವೆಯೂ ದನದ ಕೊಟ್ಟಿಗೆಯೂ ಉಳ್ಳ ಪ್ರತಿಯೊಬ್ಬನಿಗೆ ಸೇರಿದ ಪ್ರಶ್ನೆಯಾಗಿದೆ.

ವಿಚಾರಣೆಗೆ ಆಧಾರವಾಗಿ ಆಸ್ಟ್ರೇಲಿಯಾ ದೇಶದ ವಿಕ್ಟೋರಿಯಾ ಸೀಮೆಯಲ್ಲಿ ನಡೆದ ಒಂದು ಸಂಗತಿಯನ್ನು ತೆಗೆದುಕೊಳ್ಳುವೆವು. ಅಲ್ಲಿಯ ಗುಡ್ಡಗಳಲ್ಲಿ ಬೆಳೆಯುವ ಮರವು ವಾಚಕರಿಗೆ ಅಪರಿಚಿತವಾದದ್ದಲ್ಲ. ಆ ದೇಶದಿಂದ ಬಂದು ನಮ್ಮಲ್ಲಿ ನೀಲಗಿರಿ ಮರವೆಂದು ಹೆಸರು ಪಡೆದ ಮರದ ಕುಲವೇ ಅದು. ಅದರ ಎಲೆಗಳಲ್ಲಿ ಎಣ್ಣೆಯುಂಟು. ಅದರ ತೊಗಟೆಯು ಉದ್ದುದ್ದವಾಗಿ ಸುಲಿದು ಜೋಲುತ್ತದೆ. ಬೆಂಕಿ ತಗಲಿದ ತೊಗಟೆಯ ಚೂರುಗಳನ್ನು ಬಿರುಗಾಳಿಯು ಹಲವು ಮೈಲು ದೂರಕ್ಕೆ ಒಯ್ದು ಅಲ್ಲಿ ಹೊಸ ಬೆಂಕಿಯನ್ನು ಹೊತ್ತಿಸುತ್ತದೆ.

2009ನೇ ಇಸವಿ ಫೆಬ್ರವರಿ 7ನೇ ತಾರೀಖು ಶನಿವಾರದಲ್ಲಿ ಮೆಲ್ಬರ್ನ್ ಪಟ್ಟಣದ ಸೆಕೆಯು 46.4 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಅದಕ್ಕೆ ಮೊದಲು ಹಲವು ವರುಷ ಮಳೆ ಕಡಿಮೆಯಾಗಿ ಕಾಡೆಲ್ಲಾ ಒಣಗಿ ನಿಂತಿತ್ತು. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಕಿಲ್ಮೋರ್ ಈಸ್ಟ್ ಎಂಬಲ್ಲಿ ವಿದ್ಯುತ್ತಿನ ತಂತಿಯೊಂದು ತುಂಡಾದದರಿಂದ ಕಿಚ್ಚು ಹುಟ್ಟಿ ಕಿಂಗ್‌ಲೇಕ್ ಗುಡ್ಡಗಳ ಕಡೆಗೆ ಓಡಿತು. ಬೇರೆ ಕಡೆಗಳಲ್ಲಿಯೂ ಅದೇ ದಿನ ಬೆಂಕಿಗಳು ಎದ್ದವು. ಸಂಜೆಗೆ ವಾಯವ್ಯದಿಂದ ಬೀಸುತ್ತಿದ್ದ ಗಾಳಿಯು ನೈಋತ್ಯಕ್ಕೆ ತಿರುಗಿದ ಕೂಡಲೇ ಬೆಂಕಿಯ ಉದ್ದವಾದ ಪಕ್ಕವೇ ಅದರ ಮುಖವಾಯಿತು. ಮೇರೀಸ್‌ವಿಲ್ ಎಂಬ ಚಿಕ್ಕ ಊರು ಆ ಸಂಜೆಯೇ ಬಹುಮಟ್ಟಿಗೆ ಸುಟ್ಟುಹೋಯಿತು. ಆ ದಿನದ ಬೆಂಕಿಗಳಿಂದ ಸತ್ತವರು 173 ಜನರು; ನಾಶವಾದ ಮನೆಗಳು 2,000ಕ್ಕಿಂತ ಹೆಚ್ಚು. ಆ ದೇಶದವರು ಅದನ್ನು ಕಪ್ಪು ಶನಿವಾರವೆಂದು ಕರೆಯುತ್ತಾರೆ.

ಆ ಸೀಮೆಯ ಜನರಿಗೆ ಬೋಧನೆಯೇ ಇರಲಿಲ್ಲವೆಂದು ಎಣಿಸಬಾರದು. ಸಿದ್ಧನಾಗಿರು, ನಿಂತು ಕಾಪಾಡು, ಇಲ್ಲವಾದರೆ ಬೇಗನೆ ಹೊರಡು ಎಂಬದೇ ಅವರಿಗೆ ಕಲಿಸಲ್ಪಟ್ಟ ನಿಯಮವು. ಇದಕ್ಕೆ ತಕ್ಕ ಕಾರಣವೂ ಇತ್ತು. 1983ನೇ ಇಸವಿ ಫೆಬ್ರವರಿ 16ರಲ್ಲಿ ವಿಕ್ಟೋರಿಯಾದಲ್ಲಿಯೂ ದಕ್ಷಿಣ ಆಸ್ಟ್ರೇಲಿಯಾದಲ್ಲಿಯೂ ಎದ್ದ ಬೆಂಕಿಗಳಲ್ಲಿ 75 ಜನರು ಸತ್ತಿದ್ದರು. ಕಡೇ ಗಳಿಗೆಯಲ್ಲಿ ಓಡಿದ ಹಲವರು ದಾರಿಯಲ್ಲಿಯೇ ಸಿಕ್ಕಿಬಿದ್ದದ್ದು ಆಗ ಕಂಡುಬಂತು. ಯಾಕಂದರೆ ಜ್ವಾಲೆಯು ಮುಟ್ಟುವದಕ್ಕೆ ಮೊದಲೇ ಅದರ ಕಾವು ಬೈಲಿನಲ್ಲಿರುವ ಮನುಷ್ಯನನ್ನು ಕೊಲ್ಲುತ್ತದೆ. ಮನೆಯಾದರೋ ಹೆಚ್ಚಾಗಿ ದೊಡ್ಡ ಜ್ವಾಲೆಯಿಂದಲ್ಲ, ಮಾಡಿನ ಸಂದಿಯಲ್ಲಿ ಬಿದ್ದ ಕಿಡಿಯಿಂದ ಹೊತ್ತಿಕೊಳ್ಳುತ್ತದೆ. ಗಟ್ಟಿಮುಟ್ಟಾದವನೊಬ್ಬನು ನೀರಿನೊಂದಿಗೆ ನಿಂತಿದ್ದರೆ ಆ ಕಿಡಿಯನ್ನು ಆರಿಸಬಹುದು. ಹೀಗೆ ನಿಂತು ಮನೆಯನ್ನೂ ಜೀವವನ್ನೂ ಉಳಿಸಿಕೊಂಡವರು ಕಪ್ಪು ಶನಿವಾರದಲ್ಲಿಯೂ ಇದ್ದರು. ಆದಕಾರಣ ನಿಂತವರೆಲ್ಲರೂ ಮೂಢರೆಂದು ನಾವು ಹೇಳಕೂಡದು.

ಹಾಗಾದರೆ ತಪ್ಪು ಎಲ್ಲಿತ್ತು? ಇದನ್ನು ಶೋಧಿಸುವದಕ್ಕಾಗಿ ಸರಕಾರದವರು ಒಂದು ವಿಚಾರಣಾ ಮಂಡಲಿಯನ್ನು ನೇಮಿಸಿದರು; ಅದು 2010ರಲ್ಲಿ ಕಡೇ ವರದಿಯನ್ನು ಒಪ್ಪಿಸಿತು. ಸತ್ತ 173 ಜನರಲ್ಲಿ 113 ಮಂದಿ ಮನೆಗಳ ಒಳಗೇ ಸತ್ತಿದ್ದರು. ಸತ್ತವರಲ್ಲಿ ಮಕ್ಕಳೂ ಮುದುಕರೂ ರೋಗಿಗಳೂ ಬಹಳ ಮಂದಿ ಇದ್ದರು. ಎಚ್ಚರಿಕೆಯ ಮಾತು ಕೆಲವು ಊರುಗಳಿಗೆ ತಡವಾಗಿ ಮುಟ್ಟಿತು, ಕೆಲವಕ್ಕೆ ಮುಟ್ಟಲೇ ಇಲ್ಲ. ಇನ್ನೊಂದು ಸಂಗತಿಯೂ ತಿಳಿದುಬಂತು. ಅನೇಕರು ನಿಲ್ಲುವದಕ್ಕೂ ಸಿದ್ಧರಾಗಿರಲಿಲ್ಲ, ಹೊರಡುವದಕ್ಕೂ ಸಿದ್ಧರಾಗಿರಲಿಲ್ಲ. ಏನಾಗುವದೋ ನೋಡೋಣ ಎಂದು ಕಾದಿದ್ದರು. ನಿಲ್ಲುವದು ಒಂದು ನಿರ್ಣಯ, ಹೊರಡುವದು ಒಂದು ನಿರ್ಣಯ. ನೋಡೋಣ ಎಂಬದು ನಿರ್ಣಯವೇ ಅಲ್ಲ. ಅಂಥವನಿಗೋಸ್ಕರ ಬೆಂಕಿಯೇ ನಿರ್ಣಯಿಸುತ್ತದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಮನೆ ನನ್ನದು, ಜೀವವೂ ನನ್ನದು; ನಿಲ್ಲುವೆನೋ ಹೋಗುವೆನೋ, ಕೇಳುವದಕ್ಕೆ ನೀನ್ಯಾರು ಎಂದು ಒಬ್ಬನು ಹೇಳಬಹುದು. ಆಗಿನ ವಿಕ್ಟೋರಿಯಾದ ಕಾಯಿದೆಯೂ ಮನೆಯುಳ್ಳವನನ್ನು ಬಲಾತ್ಕಾರದಿಂದ ಹೊರಡಿಸುವ ಅಧಿಕಾರವನ್ನು ಕೊಡಲಿಲ್ಲ. ಆದರೆ ಕಾಯಿದೆಯು ಬಿಟ್ಟದ್ದನ್ನೆಲ್ಲಾ ಮನಸ್ಸಾಕ್ಷಿಯು ಬಿಡುವದಿಲ್ಲ. ಯಜಮಾನನು ನಿಂತರೆ ಹೆಂಡತಿಯು ನಿಲ್ಲುವಳು. ತಾಯಿ ನಿಂತರೆ ಮಗುವು ನಿಲ್ಲುವದು. ಮಂಚ ಹಿಡಿದ ಅಜ್ಜಿಯೂ ಅಲ್ಲಿಯೇ ಉಳಿಯುವಳು. ಆ ಮಗುವು ಯಾವಾಗ ಒಪ್ಪಿತು? ಒಬ್ಬನು ಆರಿಸಿಕೊಂಡ ಅಪಾಯವನ್ನು ಆರಿಸಲಾರದವರೂ ಹೊರಬೇಕಾಗುತ್ತದೆ. ಇದಲ್ಲದೆ ನಿಂತವನು ಕಡೇ ಗಳಿಗೆಯಲ್ಲಿ ಕೂಗಿಕೊಂಡರೆ ಅವನನ್ನು ತರುವದಕ್ಕೆ ಬೇರೊಬ್ಬನ ಮಗನು ಹೊಗೆಯೊಳಕ್ಕೆ ಹೋಗಬೇಕು. ಬೆಂಕಿಗೆ ಎದುರಾಗಿ ಹೋಗುವ ಕೆಲಸವು ಎಂಥದೆಂದು ನಮ್ಮ ನಾಡಿಗೂ ಗೊತ್ತುಂಟು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿನಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕನೊಬ್ಬನು ಅದರಲ್ಲಿಯೇ ಜೀವ ಕಳಕೊಂಡನು. ಆದದರಿಂದ ನನ್ನ ಜೀವವು ನನ್ನದೊಂದೇ ಎಂಬ ಮಾತು ಬೆಂಕಿಯ ದಿನದಲ್ಲಿ ನಿಲ್ಲುವದಿಲ್ಲ.

ಕೆಲವರು ಕೇಳುವದೇನಂದರೆ: ಎಲ್ಲರೂ ಹೊರಟುಹೋದರೆ ಸಣ್ಣ ಕಿಡಿಯನ್ನು ಆರಿಸುವವರು ಯಾರು? ತಲೆತಲಾಂತರದಿಂದ ದುಡಿದು ಕಟ್ಟಿದ ಮನೆಯನ್ನು ಸುಮ್ಮನೆ ಒಪ್ಪಿಸಿಬಿಡಬೇಕೋ? ಈ ಪ್ರಶ್ನೆಯಲ್ಲಿ ಸತ್ಯವುಂಟು. ಬಡವನಿಗೆ ಮನೆಯೆಂದರೆ ಬರೀ ಗೋಡೆಯಲ್ಲ. ಬಿತ್ತನೆಯ ಬೀಜವೂ ಜಾನುವಾರುಗಳೂ ಮುಂದಿನ ವರುಷದ ಅನ್ನವೂ ಅದರಲ್ಲಿಯೇ ಇರುತ್ತವೆ. ಅದನ್ನು ಬಿಡುವದು ಹಗುರವೆಂದು ಹೇಳುವವನು ಅದನ್ನು ಎಂದೂ ಕಟ್ಟಿದವನಲ್ಲ. ಆದದರಿಂದ ನಾವು ನಿಲ್ಲುವದನ್ನು ಪೂರಾ ನಿಷೇಧಿಸದೆ ಮೂರು ಮಾತುಗಳಿಂದ ಅಳೆಯುತ್ತೇವೆ. ಮೊದಲನೇದು, ನಿಲ್ಲುವವನು ಶಕ್ತನೂ ಮುಂಚಿತವಾಗಿ ಸಿದ್ಧನೂ ಆಗಿರಬೇಕು. ಎರಡನೇದು, ಆ ದಿನದ ಬೆಂಕಿಯು ಮನುಷ್ಯನು ತಡೆಯಬಹುದಾದದ್ದಾಗಿರಬೇಕು. ಮೂರನೇದು, ಅವನು ನಿಂತದರಿಂದ ಬೇರೆ ಯಾರೂ ಅಲ್ಲಿ ಕಟ್ಟಿಬಿದ್ದಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ನಿಲ್ಲುವದು ಶೌರ್ಯವಲ್ಲ, ಹಟವೇ. ವಿಕ್ಟೋರಿಯಾದವರು ಸಹ ಈ ದಾರಿಗೇ ಬಂದರು. ಹಳೇ ನಿಯಮವನ್ನು ಅವರು ಪೂರ್ಣವಾಗಿ ಬಿಡಲಿಲ್ಲ. ಆದರೆ ಅತ್ಯುಗ್ರವಾದ ದಿನಗಳಲ್ಲಿ ಬೇಗನೆ ಹೊರಡುವದೊಂದೇ ಕ್ಷೇಮವೆಂದು ಸಾರುವ ಹೊಸ ದರ್ಜೆಯನ್ನು 2009ರಲ್ಲಿಯೇ ಎಚ್ಚರಿಕೆಯ ಪಟ್ಟಿಗೆ ಸೇರಿಸಿದರು.

ಬೇಗನೆ ಎಂಬ ಮಾತನ್ನು ಮನಸ್ಸಿನಲ್ಲಿಡಬೇಕು. ಜ್ವಾಲೆ ಕಂಡ ಮೇಲೆ ಓಡುವದಕ್ಕೆ ಧೈರ್ಯ ಬೇಡ, ಭಯವೇ ಸಾಕು. ಹೊಗೆಯು ಇನ್ನೂ ದೂರದ ಗುಡ್ಡದ ಆಚೆಯಲ್ಲಿರುವಾಗ, ನೆರೆಯವರು ನಗುತ್ತಿರುವಾಗ, ಹೊರಟದ್ದು ವ್ಯರ್ಥವಾದೀತೆಂದು ತಿಳಿದೂ ಹೊರಡುವದಕ್ಕೇ ಧೈರ್ಯ ಬೇಕು. ಹತ್ತು ಸಾರಿ ಹೊರಟು ಹತ್ತು ಸಾರಿಯೂ ಮನೆಯು ಸುರಕ್ಷಿತವಾಗಿ ಉಳಿದಿರುವದನ್ನು ಕಂಡು ತಿರಿಗಿ ಬಂದವನು ಮೋಸಹೋದವನಲ್ಲ.

ಮತ್ತು ಹೊರಡುವವನ ಕರ್ತವ್ಯವು ತನ್ನ ಹೊಸ್ತಿಲಲ್ಲಿ ಮುಗಿಯುವದಿಲ್ಲ. ನಡೆಯಲಾರದ ಮುದುಕಿಯು ಯಾವ ಮನೆಯಲ್ಲಿದ್ದಾಳೆ, ಅವಳನ್ನು ಎತ್ತಿಕೊಳ್ಳುವವರು ಯಾರು, ಒಂಟಿಯಾಗಿರುವವನ ಬಾಗಿಲನ್ನು ತಟ್ಟುವವರು ಯಾರು, ಕೊಟ್ಟಿಗೆಯ ದನಗಳ ಹಗ್ಗವನ್ನು ಬಿಚ್ಚುವವರು ಯಾರು ಎಂಬದನ್ನು ಹೊಗೆ ಏಳುವದಕ್ಕೆ ಮುಂಚೆ ಊರವರು ಕೂಡಿ ಗೊತ್ತುಮಾಡಬೇಕು. ಬೆಂಕಿ ಬಂದ ಗಳಿಗೆಯಲ್ಲಿ ಯಾರೂ ಆಲೋಚಿಸಲಾರರು. ಮೊದಲು ಆಲೋಚಿಸಿದ್ದನ್ನು ಮಾತ್ರ ಮಾಡಬಲ್ಲರು.

ಆದಕಾರಣ ನಮ್ಮ ಪ್ರಶ್ನೆಗೆ ಉತ್ತರವು ಇದೇ: ಕೈಲಾಗದವರನ್ನು ಸಂಗಡ ಕರಕೊಂಡು ಸಮಯದಲ್ಲಿ ಹೊರಡುವದು ಹೇಡಿತನವಲ್ಲ. ಅವರನ್ನು ಬಿಟ್ಟು ಓಡುವದು ಹೇಡಿತನ. ಅವರನ್ನು ಹಿಡುಕೊಂಡು ನಿಲ್ಲುವದು ಅದಕ್ಕಿಂತಲೂ ದೊಡ್ಡ ಅನ್ಯಾಯ. ಮಾಘ ಫಾಲ್ಗುಣಗಳ ಒಣಗಾಳಿ ಬೀಸುವದಕ್ಕೆ ಮುಂಚೆ ಗುಡ್ಡದ ಮಗ್ಗುಲಲ್ಲಿ ವಾಸಿಸುವ ಪ್ರತಿಯೊಂದು ಮನೆಯವರು ಒಂದು ಸಾಯಂಕಾಲ ಕೂತು ಇದನ್ನು ಮಾತಾಡಿಕೊಳ್ಳಲಿ.